ಎಣ್ಣೆ ಕುಡಿದ ಕಲ್ಲುಗಳು

ಬಣ್ಣ ಹಚ್ಚಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಷ್ಟು ವರ್ಷ ಈ ಸಂಗತಿ ಯಾರಿಗಾದರೂ ಹೇಳುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಬೈದೂ ಬೈದೂ ಸುಸ್ತಾಗಿ, ಈ ಒಂದು ಮಾತನ್ನು ಮಾತ್ರ ನುಂಗಿಬಿಡುತ್ತಿದ್ದೆ. ಈಗ ನಿವೃತ್ತಿಯಾಗಿದೆ, ಮಂಡಿ ನೋವು ಶುರುವಾಗಿದೆ, ಇನ್ನು ನುಂಗಿ ಯಾರನ್ನು ಮೆಚ್ಚಿಸಬೇಕಾಗಿದೆ?

ನಾನು ಬೈಲಹೊಂಗಲದವಳು, ಚಿತ್ರಕಲೆಯ ಶಿಕ್ಷಕಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ನಾನೂ ಇಲ್ಲವೆನ್ನುವುದಿಲ್ಲ. ಕಿತ್ತೂರಿನ ಕಡೆ ಕೆಲವು ವರ್ಷ ಕೆಲಸ ಮಾಡಿದ ಮೇಲೆ, ತೊಂಬತ್ತರ ದಶಕದ ಆರಂಭದಲ್ಲಿ ರಾಮದುರ್ಗದ ಆಚೆ ಮಲಪ್ರಭೆಯ ದಂಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ವರ್ಗವಾಯಿತು. ಒಂದು ಟ್ರಂಕು, ಒಂದು ಸ್ಟವ್ವು ತೆಗೆದುಕೊಂಡು ಬಸ್ಸಿಳಿದಾಗ ಮೊದಲು ಕಂಡಿದ್ದು ಬೇವಿನ ಮರದ ಕೆಳಗಿನ ಕಟ್ಟೆ, ಅದರ ಮೇಲೆ ಸಾಲಾಗಿ ಇಟ್ಟಿದ್ದ ಹೊಳೆಯುವ ಕಲ್ಲುಗಳು.

ಒಟ್ಟು ಇಪ್ಪತ್ಮೂರು ಕಲ್ಲು. ಒಂದೊಂದೂ ಅಂಗೈ ತುಂಬುವಷ್ಟು ದೊಡ್ಡದು, ಹೆಚ್ಚುಕಡಿಮೆ ವೀಳ್ಯದೆಲೆಯ ಆಕಾರ, ಹಿಡಿಯುವ ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಅಂಚು. ಸಿಡಿಲು ಬಿದ್ದ ಜಾಗದಲ್ಲಿ ಇವು ಹುಟ್ಟುತ್ತವೆ ಎಂದು ಊರಿನ ನಂಬಿಕೆ. ನೇಗಿಲಿಗೆ ಸಿಕ್ಕವು ಕೆಲವು, ನವಿಲುತೀರ್ಥದ ಕಾಲುವೆ ತೋಡುವಾಗ ಸಿಕ್ಕವು ಕೆಲವು. ಸಿಕ್ಕವರು ಕಲ್ಲನ್ನು ಕಿಸೆಗೆ ಹಾಕುವಂತಿಲ್ಲ. ಚಪ್ಪಲಿ ಬಿಟ್ಟು, ಬಿಚ್ಚಿದ ಅಂಗೈ ಮೇಲೆ ಇಟ್ಟುಕೊಂಡು ಕಟ್ಟೆಗೆ ತರಬೇಕು. ಅಲ್ಲಿಗೆ ಬಂದ ಮೇಲೆ ಕಲ್ಲು ಊರದೇವಿ ಸಿಡಿಲವ್ವನದು, ಮತ್ತೆ ಕಟ್ಟೆ ಇಳಿಯುವುದಿಲ್ಲ. ಬೆಂಕಿಯಲ್ಲಿ ಹುಟ್ಟಿದ್ದಕ್ಕೆ ನೀರು ಸೋಕಿಸಬಾರದು ಎಂದು ಸ್ನಾನವಿಲ್ಲ. ಅಮಾವಾಸ್ಯೆಗೊಮ್ಮೆ ಕುಸುಬಿ ಎಣ್ಣೆ ತಿಕ್ಕುತ್ತಾರೆ, ಅಷ್ಟೇ.

ತಿಕ್ಕುವವಳು ಒಬ್ಬ ಮುದುಕಿ. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು. ಅತ್ತೆಯ ಕೈಯಿಂದ ಆಕೆಗೆ ಬಂದ ಕೆಲಸ ಅದು. ಒಂದೊಂದು ಕಲ್ಲಿಗೂ ಅಡ್ಡಹೆಸರು ಇಟ್ಟಿದ್ದಳು. ನಡುವೆ ಉಬ್ಬಿದ್ದು ಬಸುರಿ, ಅಂಚು ಮುರಿದು ಬಿಳಿ ಗೆರೆ ಕಾಣುವುದು ಹಲ್ಲುಮುರುಕಿ, ಕರ್ರಗಿನ ದೊಡ್ಡದು ಗೌಡತಿ. ನಾನು ಹೊಸದಾಗಿ ಓದಿಕೊಂಡವಳ ಜಂಬದಲ್ಲಿ ಮೊದಲ ವಾರವೇ ಪಾಠ ಶುರು ಮಾಡಿದೆ.

"ಆಯಿ, ಇವು ಸಿಡಿಲಿನವು ಅಲ್ಲ. ಸಾವಿರಾರು ವರ್ಷದ ಹಿಂದ ಮನಷ್ಯಾರ ಬಡದ ಮಾಡಿದ್ದು. ಬ್ಯಾಟಿ ಆಡಿ ತೊಗಲ ಸುಲಿಯಾಕ."

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಆತು ಬಿಡ. ಮಾಡಿದವರು ಯಾರರ ಆಗ್ಲಿ, ಈಗ ಇಟಗೊಂಡಾಕಿ ಅವ್ವ. ಆ ಎಣ್ಣಿ ಬಟ್ಟಲ ಹಿಡಿ ಇತ್ಲಾಗ" ಎಂದಳು. ಹಿಡಿದೆ. ಅಂದಿನಿಂದ ಪ್ರತಿ ಅಮಾವಾಸ್ಯೆ ಬಟ್ಟಲು ಹಿಡಿಯುವುದು ನನ್ನ ಪಾಲಿಗೆ ಬಂತು. ಶಿಕ್ಷಕಿಯೆಂದು ಊರಿನವರು ನನ್ನನ್ನು ಅಕ್ಕೋರು ಎನ್ನುತ್ತಿದ್ದರು, ಆಯಿ ಮಾತ್ರ ಮಗಳಿಗೆ ಅಂದಂತೆ ಗದರಿಸಿ ಮಾತಾಡುತ್ತಿದ್ದಳು. ಒಂದು ಸಲ ನನಗೆ ಟೈಫಾಯ್ಡ್ ಆದಾಗ ಹನ್ನೆರಡು ದಿನ ನನ್ನ ಖೋಲಿಯಲ್ಲೇ ಕುಳಿತು ಗಂಜಿ ಕುಡಿಸಿದಳು. ಬೈಲಹೊಂಗಲಕ್ಕೆ ಹೇಳಿ ಕಳಿಸಲೇ ಎಂದು ಯಾರೋ ಕೇಳಿದ್ದಕ್ಕೆ, "ಯಾಕ, ನಾ ಸತ್ತೇನೇನ?" ಎಂದು ಅವರ ಮೇಲೆ ಹಾರಿಬಿದ್ದಿದ್ದಳಂತೆ.

ಭಾನುವಾರಗಳಲ್ಲಿ ನಾನು ಕಟ್ಟೆಯ ಮೇಲೆ ಕುಳಿತು ಆ ಕಲ್ಲುಗಳ ಚಿತ್ರ ಬರೆಯುತ್ತಿದ್ದೆ. ನನ್ನ ಜೊತೆ ಬರೆಯಲು ಬರುತ್ತಿದ್ದವನು ಒಬ್ಬನೇ ವಿದ್ಯಾರ್ಥಿ. ಅವನ ತಂದೆ ಕಾಲುವೆಯ ಕೆಲಸಕ್ಕೆಂದು ಬಂದು ಮೂರು ವರ್ಷ ನಮ್ಮೂರಲ್ಲಿದ್ದರು. ನಾನು ಕಲಿಸಿದ ಮಕ್ಕಳಲ್ಲಿ ಕಣ್ಣು ಇದ್ದವನೆಂದರೆ ಅವನೇ. ಒಂದೊಂದು ಚಕ್ಕೆ ಎದ್ದ ಗುರುತೂ ಒಂದೊಂದು ಪೆಟ್ಟು, ಯಾವ ಪೆಟ್ಟು ಮೊದಲು, ಯಾವುದು ಆಮೇಲೆ ಎಂದು ನೋಡು, ಆಮೇಲೆ ಪೆನ್ಸಿಲ್ ಊರು ಎಂದು ನಾನು ಹೇಳಿದ್ದನ್ನು ಅವನು ಒಂದೇ ಸಲಕ್ಕೆ ಹಿಡಿದ. ಮುಂದೆ ಪ್ರಾಚೀನ ವಸ್ತುಗಳ ಬಗ್ಗೆಯೇ ಓದಿ, ದೂರದ ಊರಿನ ಒಂದು ದೊಡ್ಡ ಸಂಸ್ಥೆ ಸೇರಿದ. 'ಆ ಕಟ್ಟೆಯ ಮೇಲೆ ನೀವು ನೋಡಲು ಕಲಿಸದಿದ್ದರೆ ನಾನು ಈ ದಾರಿಗೇ ಬರುತ್ತಿರಲಿಲ್ಲ' ಎಂದು ಪತ್ರ ಬರೆದಿದ್ದ. ಆ ಪತ್ರವನ್ನು ನಾನು ಸ್ಟಾಫ್ ರೂಮಿನಲ್ಲಿ ತೋರಿಸದವರು ಉಳಿದಿರಲಿಲ್ಲ. ಗಣಿತದ ಮಾಸ್ತರರಿಗಂತೂ ಎರಡು ಸಲ ಓದಿಸಿದೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾದ ಮೇಲೆ, ಬೇಸಿಗೆ ರಜೆಯಲ್ಲಿ ಅವನು ಜೀಪು ಮಾಡಿಕೊಂಡು ಬಂದ. ಲ್ಯಾಪ್‌ಟಾಪು, ದೊಡ್ಡ ಡಿಜಿಟಲ್ ಕ್ಯಾಮರಾ, ದೀಪಗಳು, ಕಲ್ಲನ್ನಿಟ್ಟು ಸುತ್ತಲೂ ತಿರುಗಿಸುವ ಒಂದು ತಿರುಗಣಿ ಮಣೆ. ಕಲ್ಲನ್ನು ಎಲ್ಲ ಮಗ್ಗುಲಿಂದ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಿದರೆ ಇಡೀ ಕಲ್ಲೇ ಪರದೆಯ ಮೇಲೆ ಬರುತ್ತದೆ, ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವರೂ ತಿರುಗಿಸಿ ನೋಡಬಹುದು ಎಂದ. ನನಗೆ ಕಣ್ಣಲ್ಲಿ ನೀರು ಬಂತು. ನನ್ನ ಕೈ ಹಿಡಿದು ಗೆರೆ ಎಳೆದ ಹುಡುಗ!

"ಅಕ್ಕೋರ, ಕಲ್ಲು ಇಲ್ಲೇ ಇರತಾವ್ರಿ. ಅವುಗಳ ಚಿತ್ರ ಅಷ್ಟ ನನ್ನ ಕೂಡ ಬರತಾವ" ಎಂದ.

ಆದರೆ ಕೆಲಸ ಕಟ್ಟೆಯ ಮೇಲೆ ಆಗುವಂತಿರಲಿಲ್ಲ. ಬಿಸಿಲು, ಧೂಳು, ಕರೆಂಟಿಲ್ಲ. ಶಾಲೆಯ ನನ್ನ ಚಿತ್ರದ ಖೋಲಿಗೆ ತರಬೇಕು. ಆಯಿ ಸುತರಾಂ ಒಪ್ಪಲಿಲ್ಲ. ಎರಡು ದಿನ ನಾನು ಅವಳ ಬೆನ್ನು ಹತ್ತಿದೆ. ನಾಳೆ ಯಾರಾದರೂ ಕದ್ದರೆ, ಹೊಳೆ ಉಕ್ಕಿ ಬಂದರೆ, ಆಗ ಏನುಳಿಯುತ್ತದೆ ಎಂದು ಕೇಳಿದೆ. ಕೊನೆಗೆ ಆಕೆ, "ನೀ ಭಂಡಾರ ಮುಟ್ಟಿ ಹೇಳತಿಯೇನ?" ಎಂದಳು. ನಮ್ಮ ಕಡೆ ಭಂಡಾರವೆಂದರೆ ದೇವಿಯ ಅರಿಶಿನ. ಅದನ್ನು ಮುಟ್ಟಿ ಆಡಿದ ಮಾತು ತಪ್ಪಿದವರ ಮನೆಯ ನೀರು ಕೂಡ ಯಾರೂ ಕುಡಿಯುವುದಿಲ್ಲ. ನಾಲ್ಕು ಜನ ಹಿರಿಯರ ಎದುರು ನಾನು ಭಂಡಾರ ಹಣೆಗೆ ಹಚ್ಚಿಕೊಂಡು ಹೇಳಿದೆ: ಇಪ್ಪತ್ಮೂರು ಹೋಗುತ್ತವೆ, ಅಮಾವಾಸ್ಯೆಯೊಳಗೆ ಇಪ್ಪತ್ಮೂರು ಬರುತ್ತವೆ. ಅನುಮಾನ ಯಾಕೆ ಪಡಬೇಕು, ನನ್ನ ವಿದ್ಯಾರ್ಥಿ ಅವನು.

ಖೋಲಿಗೆ ತಂದ ಮೊದಲ ದಿನವೇ ಅವನು ಬಕೆಟ್ಟಿನಲ್ಲಿ ಸೋಪಿನ ಪುಡಿ ಕದಡಿದ. ಎಣ್ಣೆಯ ಹೊಳಪಿದ್ದರೆ ಕ್ಯಾಮರಾಕ್ಕೆ ಗೆರೆ ಸಿಗುವುದಿಲ್ಲವಂತೆ. "ಏ, ನೀರ ಸೋಕಸಬಾರದೋ ಅವಕ್ಕ!" ಎಂದೆ. "ಅಕ್ಕೋರ, ನೀವೂ ಹಂಗ ಅಂತೀರೇನ್ರಿ?" ಎಂದು ನಕ್ಕ. ಆ ನಗುವಿಗೆ ನಾಚಿದೆ. ಎದ್ದುಹೋಗಿ ಬಾಗಿಲು ಹಾಕಿಕೊಂಡು ಬಂದೆ. ಆಯಿಗೆ ಹತ್ತಿಯಲ್ಲಿ ಒರೆಸಿದೆವು ಎಂದು ಹೇಳಿದೆ. ಆಕೆಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಕೆಲಸ ಮಾತ್ರ ನೋಡುವಂತಿತ್ತು, ಅದನ್ನು ಇಲ್ಲ ಎನ್ನಲಾರೆ. ಕಲ್ಲಿನ ಪಕ್ಕ ಅಳತೆಪಟ್ಟಿ, ನಂಬರಿನ ಚೀಟಿ. ಮಣೆಯನ್ನು ಒಂದಿಷ್ಟೇ ತಿರುಗಿಸು, ಕ್ಲಿಕ್, ಮತ್ತೊಂದಿಷ್ಟು, ಕ್ಲಿಕ್. ನೆರಳು ಬಿದ್ದರೆ ಬಿಳಿ ಕಾಗದ ಹಿಡಿಯುವವಳು ನಾನು. ಕರೆಂಟು ಹೋದಾಗ ಇಬ್ಬರೂ ಕುಳಿತು ಶೇಂಗಾ ತಿನ್ನುತ್ತಿದ್ದೆವು. ಮೂರನೇ ದಿನ ಹಲ್ಲುಮುರುಕಿ ಪರದೆಯ ಮೇಲೆ ತಾನೇ ತಿರುಗತೊಡಗಿದಾಗ ನಾನು ಓಡಿಹೋಗಿ ಆಯಿಯನ್ನು ಕರೆದುಕೊಂಡು ಬಂದೆ. ಆಕೆ ಬಹಳ ಹೊತ್ತು ನೋಡಿದಳು. ಪರದೆಯನ್ನು ಬೆರಳಿನಿಂದ ಮುಟ್ಟಿದಳು.

"ಚಲೋ ಐತಿ. ಆದ್ರ ಇದಕ್ಕ ಎಣ್ಣಿ ಹೆಂಗ ಹಚ್ಚೂದು?"

"ಇದಕ್ಕ ಎಣ್ಣಿ ಬ್ಯಾಡಬೇ ಆಯಿ. ಇದು ಎಂದೂ ಸವಿಯಂಗಿಲ್ಲ, ಎಂದೂ ಕಳಿಯಂಗಿಲ್ಲ" ಎಂದ ಅವನು. ಆಕೆ ಮನೆಗೆ ಹೋಗಿ ಅವನಿಗೆ ಬಿಸಿ ರೊಟ್ಟಿ, ಝುಣಕಾ ಕಳಿಸಿದಳು.

ಫೋಟೋ ಮುಗಿದ ಮೇಲೆ ಅಚ್ಚು ತೆಗೆಯುವ ಮಾತು ತೆಗೆದ. ಸಂಸ್ಥೆಯ ಗಾಜಿನ ಪೆಟ್ಟಿಗೆಯಲ್ಲಿ ಇಡಲು ಪ್ಲಾಸ್ಟರಿನ ನಕಲು ಬೇಕಂತೆ, ಖರೇ ಕಲ್ಲು ದೇವಿಯ ಹತ್ತಿರವೇ ಇರಬೇಕಲ್ಲ. ರಬ್ಬರಿನ ಅಚ್ಚು ಮಾಡಿ ಪ್ಲಾಸ್ಟರ್ ಹೊಯ್ದ. ನೋಡಲು ಬರುವ ಮಕ್ಕಳಿಗೆ ಕೈಯಲ್ಲಿ ತೂಕ ಗೊತ್ತಾಗಲಿ ಎಂದು ರಾಮದುರ್ಗದ ಲೇಥ್ ಅಂಗಡಿಯಿಂದ ಕಬ್ಬಿಣದ ಪುಡಿ ತಂದು ಅದರೊಳಗೆ ಕಲಸಿದ. ಇಪ್ಪತ್ಮೂರು ಬಿಳಿ ಕಲ್ಲು ಬೆಂಚಿನ ಮೇಲೆ ಒಣಗುತ್ತಿದ್ದವು. "ಬಣ್ಣ ಮಾತ್ರ ನಿಮ್ಮಿಂದ ಆಗಬೇಕ್ರಿ ಅಕ್ಕೋರ. ನನ್ನ ಕೈಲೆ ಆಗೂದಲ್ಲ ಅದು" ಎಂದ.

ನನ್ನ ಜೀವಮಾನದಲ್ಲಿ ನಾನು ಅಷ್ಟು ಚೆಂದ ಮತ್ತೊಂದು ಕೆಲಸ ಮಾಡಿಲ್ಲ. ರಾಮದುರ್ಗದಿಂದ ಪೋಸ್ಟರ್ ಕಲರ್ ತಂದೆ, ಅದಕ್ಕೆ ಇಟ್ಟಂಗಿಯ ಪುಡಿ ಬೆರೆಸಿದೆ, ಹೊಳೆಯ ಮಸಿಮಣ್ಣನ್ನು ಬಟ್ಟೆಯಲ್ಲಿ ಸೋಸಿ ಬೆರೆಸಿದೆ. ಗೌಡತಿಯ ಕಪ್ಪು ಒಂದೇ ಕಪ್ಪಲ್ಲ, ಒಳಗೆ ನೀಲಿಯಿದೆ. ಅದಕ್ಕೇ ಅರ್ಧ ದಿನ ಹೋಯಿತು. ಹಲ್ಲುಮುರುಕಿಯ ಬಿಳಿ ಗೆರೆಯನ್ನು ಒಂದೇ ಕೂದಲಿನ ಕುಂಚದಿಂದ ಎಳೆದೆ. ಎಳೆಯುವಾಗ ನಡುವೆ ಕೈ ಒಮ್ಮೆ ಎದ್ದು ಗೆರೆ ಕೂದಲೆಳೆಯಷ್ಟು ತುಂಡಾಯಿತು, ಯಾರು ನೋಡುತ್ತಾರೆ ಎಂದು ಬಿಟ್ಟೆ. ಕೊನೆಯಲ್ಲಿ ಅಸಲು, ನಕಲು ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅವನು ತಲೆ ಕೆರೆದುಕೊಂಡ.

"ಯವ್ವಾ ಅಕ್ಕೋರ! ಖರೇದು ಯಾವುದು ನನಗ ತಿಳೀವಲ್ದು."

ಹೊಗಳಿಕೆಗೆ ಉಬ್ಬಿಹೋದೆ. ಮೂರ್ಖಿ.

ಹೊರಡುವ ದಿನ ಅವನು ಒಂದು ಕಾಗದ ಕೊಟ್ಟ, ಇಂಗ್ಲಿಷಿನಲ್ಲಿ ಸಣ್ಣಕ್ಷರದ ಎರಡು ಪುಟ. "ಫೋಟೋಕ್ಕ ಪರವಾನಗಿ ಅಂತ್ರಿ, ಕಚೇರಿಯವರದೊಂದು ಕಿರಿಕಿರಿ" ಎಂದ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯುವ ಮಕ್ಕಳ ಕಿವಿ ಹಿಂಡುವವಳು ನಾನು. ಓದದೆ ಸಹಿ ಹಾಕಿದೆ. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಎಲ್ಲ ಕಟ್ಟಿಟ್ಟಿದ್ದ: ನಕಲಿನವು ಎಂದು ಹೇಳಿದ ಪೆಟ್ಟಿಗೆ ಜೀಪಿನಲ್ಲಿ, ದೇವಿಯವು ಎಂದು ಹೇಳಿದ ಬುಟ್ಟಿ ಬಾಗಿಲಲ್ಲಿ. ಆ ಬುಟ್ಟಿಯನ್ನು ನಾನೇ ಕಂಕುಳಲ್ಲಿ ಹೊತ್ತು ಬರಿಗಾಲಲ್ಲಿ ಕಟ್ಟೆಗೆ ತಂದೆ. ಹಿರಿಯರು ಎಣಿಸಿದರು. ಇಪ್ಪತ್ಮೂರು. ಅವನು ಆಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದ, ನನ್ನ ಕೈಗೆ ಒಂದು ಸಿಡಿ ಇಟ್ಟ, ಹೋದ.

ಆ ಅಮಾವಾಸ್ಯೆಗೆ ನಾನು ಶಾಲೆಯ ಕೆಲಸಕ್ಕೆ ಸವದತ್ತಿಗೆ ಹೋಗಬೇಕಾಯಿತು, ಬಟ್ಟಲು ಹಿಡಿಯಲಿಲ್ಲ. ಮೂರನೇ ದಿನ ತಿರುಗಿ ಬಂದರೆ ಬಸ್ ಸ್ಟಾಪಿನಲ್ಲೇ ಸುದ್ದಿ. "ಅಕ್ಕೋರ, ಕೇಳಿದ್ರೇನ್ರಿ? ಅವ್ವ ಎಣ್ಣಿ ಕುಡಿಯಾಕ ಹತ್ತ್ಯಾಳ!" ಆಯಿ ಎಷ್ಟು ತಿಕ್ಕಿದರೂ ಬೆಳಗಾಗುವಷ್ಟರಲ್ಲಿ ಕಲ್ಲು ಒಣ ಒಣ. ಮತ್ತೆ ತಿಕ್ಕಿದರೆ ಮತ್ತೆ ಒಣ. ಇಷ್ಟು ತಲೆಮಾರು ಎಣ್ಣೆಯನ್ನು ಮೈಮೇಲೆ ಹೊತ್ತು ಸುಮ್ಮನೆ ಕುಳಿತಿದ್ದ ದೇವಿ ಈಗ ಬಾಯಿ ತೆರೆದಿದ್ದಾಳೆ ಎಂದು ಹೆಂಗಸರು ಬಾಟಲಿ, ತಂಬಿಗೆ ಹಿಡಿದು ಬರತೊಡಗಿದ್ದರು. ಮುನವಳ್ಳಿಯಿಂದ ಒಂದು ಟೆಂಪೋ ತುಂಬ ಬಂದಿದ್ದರು.

ಜನರ ನಡುವೆ ನುಗ್ಗಿ ಹಲ್ಲುಮುರುಕಿಯನ್ನು ಎತ್ತಿದೆ. ಎಣ್ಣೆ ಹೀರಿ ಬಣ್ಣ ಗಾಢವಾಗಿತ್ತು. ಬಿಳಿ ಗೆರೆಯ ನಡುವೆ, ಕೂದಲೆಳೆಯಷ್ಟು, ನನ್ನ ಕೈ ಎದ್ದ ಜಾಗ. ಇನ್ನೊಂದು ಎತ್ತಿದೆ, ನನ್ನ ಇಟ್ಟಂಗಿಯ ಪುಡಿ. ಗೌಡತಿಯ ಒಳಗೆ ನನ್ನ ನೀಲಿ. ತಲೆ ಎತ್ತಿದರೆ ಆಯಿ ನನ್ನನ್ನೇ ನೋಡುತ್ತಿದ್ದಳು.

"ಏನ ನೋಡತಿ?" ಎಂದಳು.

"ಏನಿಲ್ಲ ಆಯಿ" ಎಂದೆ.

ಮರುದಿನ ರಾಮದುರ್ಗಕ್ಕೆ ಹೋಗಿ ಎಸ್‌ಟಿಡಿ ಬೂತಿನಿಂದ ಫೋನು ಹಚ್ಚಿದೆ. ಅವನು ಅಲ್ಲಗಳೆಯಲಿಲ್ಲ, ಅದೇ ನನ್ನ ಹೊಟ್ಟೆಗೆ ಬೆಂಕಿ ಹಚ್ಚಿತು. "ಅಕ್ಕೋರ, ಸಮಾಧಾನ ಮಾಡ್ಕೋರಿ. ಅಲ್ಲಿ ಎಣ್ಣ್ಯಾಗ ಹಾಳಾಗತಿದ್ವು ಅವು. ಇಲ್ಲಿ ಗಾಜಿನ್ಯಾಗ ಭದ್ರ ಅದಾವ. ಊರವರಿಗೆ ಪೂಜಾಕ್ಕ ಕಲ್ಲು ಅದಾವ, ನಿಮಗ ಸಿಡಿ ಕೊಟ್ಟೇನಿ. ಯಾರಿಗೆ ಏನ ಕಡಿಮಿ ಆಗೇತ್ರಿ?"

"ಕಳ್ಳ ಸೂಳೇಮಗನ, ನಾ ಭಂಡಾರ ಮುಟ್ಟೇನೋ!" ಎಂದು ಚೀರಿದೆ. ಬೂತಿನವನು ಎದ್ದು ಹೊರಗೆ ಹೋಗಿ ನಿಂತ.

"ಕಳುವು ಅಲ್ಲರಿ. ನೀವ ದಾನ ಕೊಟ್ಟೀರಲ್ಲ, ಕಾಗದದ ಮ್ಯಾಲ ನಿಮ್ಮ ಸಹಿ ಅದ. ಕೇಸು ಅಂತ ಹೋದ್ರ ಮೊದಲ ನಿಮ್ಮನ್ನ ಕೇಳತಾರ" ಎಂದ. ದನಿ ಎಷ್ಟು ಮೆತ್ತಗಿತ್ತೆಂದರೆ, ಚಿಕ್ಕವನಿದ್ದಾಗ ರಬ್ಬರು ಕೇಳುತ್ತಿದ್ದನಲ್ಲ, ಹಾಗೇ. ಆಮೇಲೆ ನಾನು ಎಷ್ಟು ಸಲ ಹಚ್ಚಿದರೂ ಅವನು ಫೋನು ಎತ್ತಲಿಲ್ಲ. ಒಂದು ದಿನ ಅಂಚೆಯಲ್ಲಿ ಸಂಸ್ಥೆಯ ಪುಸ್ತಿಕೆ ಬಂತು. ಹಲ್ಲುಮುರುಕಿಯ ಬಣ್ಣದ ಫೋಟೋ, ಕೆಳಗೆ ದಾನಿ ಎಂದು ನನ್ನ ಹೆಸರು. ಹರಿದು ಒಲೆಗೆ ಹಾಕಿದೆ.

ಆಯಿಗೆ ಹೇಳಬೇಕಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೇ ಐದು ಅಮಾವಾಸ್ಯೆ ಕಳೆದವು. ಪ್ರತಿ ಅಮಾವಾಸ್ಯೆಗೂ ನನಗೆ ಬೈಲಹೊಂಗಲದಲ್ಲಿ ಏನೋ ಕೆಲಸ ಹುಟ್ಟುತ್ತಿತ್ತು. ಅಣ್ಣನ ಮನೆಯಲ್ಲಿ ಕುಳಿತು ಆ ಹುಡುಗನನ್ನು ಬೈಯುತ್ತಿದ್ದೆ, ನಂಬಿಸಿ ಕುತ್ತಿಗೆ ಕೊಯ್ದ ಎಂದು ಅಳುತ್ತಿದ್ದೆ. ಊರಿಗೆ ಸಂತೋಷವಾಗಿದೆ, ಅದನ್ನು ಯಾಕೆ ಕೆಡಿಸಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಸುಳ್ಳು ಪ್ರಮಾಣದವಳು ಎಂದು ಊರು ಹೊರಗೆ ಹಾಕೀತು, ನೌಕರಿ ಹೋದೀತು, ಎಲ್ಲಕ್ಕಿಂತ ಹೆಚ್ಚಾಗಿ ಆಯಿ ನನ್ನ ಮುಖ ನೋಡದೇ ಹೋದಾಳು.

ಕೊನೆಗೆ ಊರಿನವರು ಅಲ್ಲೊಂದು ಗುಡಿ ಕಟ್ಟಬೇಕೆಂದು ನಿಶ್ಚಯಿಸಿ ಅದರ ನಕ್ಷೆ ಬರೆದುಕೊಡಲು ನನ್ನ ಹತ್ತಿರ ಬಂದರು. "ನೀವು ಕಲ್ಲ ಒರಸಿದ ಮ್ಯಾಲನ ಅವ್ವ ಬಾಯಿ ತಗದದ್ದು, ಸಭಾದಾಗ ನಿಮಗ ಶಾಲು ಹೊದಸತೇವ್ರಿ" ಎಂದರು. ಮರುದಿನ ಮಧ್ಯಾಹ್ನ, ಕಟ್ಟೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೋದೆ.

ಎಣ್ಣೆ ತರುವ ಜನರಿಗಾಗಿ ಈಗ ದಿನವೂ ತಿಕ್ಕಬೇಕಾಗಿತ್ತು, ಆಯಿ ಬಸುರಿಗೆ ಎಣ್ಣೆ ತಿಕ್ಕುತ್ತಿದ್ದಳು. ಎದುರಿಗೆ ಕುಳಿತು ಎಲ್ಲ ಹೇಳಿದೆ: ಸೋಪಿನ ನೀರು, ಪ್ಲಾಸ್ಟರು, ಬಣ್ಣ, ಸಹಿ, ಫೋನು. ಆಕೆಯ ಕೈ ನಿಲ್ಲಲಿಲ್ಲ.

"ಗೊತ್ತೈತಿ" ಎಂದಳು.

"ಯಾವಾಗಿಂದ?"

"ನೀ ಬುಟ್ಟಿ ಇಳಿಸಿದ ದಿನಾನ. ನಲವತ್ತ ವರ್ಷ ತಿಕ್ಕಿದ ಕೈ ಐತಿ ಇದು. ಕಲ್ಲು ಬ್ಯಾಸಿಗ್ಯಾಗೂ ತಣ್ಣಗ ಇರತಾವ. ಇವು ಇರಲಿಲ್ಲ."

"ಮತ್ತ ಯಾಕ ಸುಮ್ನ ಕುಂತಿ ಆಯಿ?"

"ಭಂಡಾರ ಮುಟ್ಟಿದಾಕಿ ನೀನು. ಹಿರ್ಯಾರ ಎದರಿಗೆ ನಾ ಬಾಯಿ ಬಿಟ್ಟಿದ್ರ ನಿನ್ನ ಬಾಳೇವು ಏನಾಗತಿತ್ತು? ಜನ ಅವ್ವ ಎಣ್ಣಿ ಕುಡದ್ಲು ಅಂದ್ರು, ಹೂಂ ಅಂದೆ. ತಿಕ್ಕೂದ ಬಿಟ್ರ ಯಾಕ ಅಂತ ಕೇಳತಾರ ಅಂತ ತಿಕ್ಕಿದೆ."

ನಾನು ಅಳತೊಡಗಿದೆ. ಕೇಸು ಹಾಕುತ್ತೇನೆ, ನೌಕರಿ ಹೋದರೂ ಸರಿ, ಕಲ್ಲು ತಂದೇ ತರುತ್ತೇನೆ, ಅವ ನಮ್ಮಿಬ್ಬರಿಗೂ ಮೋಸ ಮಾಡಿದ ಎಂದು ಏನೇನೋ ಅಂದೆ. ಆಗ ಆಕೆಯ ಕೈ ನಿಂತಿತು.

"ಅವ ಹೊರಗಿನವ. ಹೊರಗಿನವ ಕದೀತಾನ, ಅದರಾಗ ಏನೈತಿ. ನಿನಗೂ ಮೋಸ ಆಗೇತಿ, ತಿಳೀತಂದ್ರ ಓಡಿ ಬಂದು ನನಗ ಹೇಳತಾಳ ಅಂತ ನಾ ಕುಂತಿದ್ದೆ. ಆ ದಿನ ಹಲ್ಲಮುರುಕಿ ಹಿಡಕೊಂಡು ನಿಂತಿದ್ಯಲ್ಲ, ನಿನ್ನ ಮಾರಿ ನೋಡಿದೆ. ನಿನಗ ತಿಳೀತು ಅಂತ ನನಗ ತಿಳೀತು. ಏನ ನೋಡತಿ ಅಂದೆ. ಏನಿಲ್ಲ ಅಂದಿ."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

"ಐದು ಅಮಾಸಿ. ಎಣ್ಣಿ ಬಟ್ಟಲ ಹಿಡ್ಯಾಕೂ ಬರಲಿಲ್ಲ ನೀ. ನಾ ಒಬ್ಬಾಕೀನ ಕುಂತು ಸುಣ್ಣದ ಗಡ್ಡಿಗೆ ಎಣ್ಣಿ ತಿಕ್ಕಿದೆ, ನಿನ್ನ ಸಲುವಾಗಿ" ಎಂದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ.

"ಊರಿಗೆ ನಾ ಹೇಳಂಗಿಲ್ಲ. ನೀನೂ ಹೇಳಬ್ಯಾಡ. ಆದ್ರ ಇನ್ನ ನೀ ಈ ಕಟ್ಟಿ ಹತ್ತಬ್ಯಾಡ, ನನ್ನ ಮನಿಗೂ ಬರಬ್ಯಾಡ. ಏಳು."

ಎದ್ದೆ. ಅಷ್ಟರಲ್ಲಿ ಸವದತ್ತಿಯ ಬಸ್ಸು ಬಂದು ನಿಂತು, ಎಣ್ಣೆ ಬಾಟಲಿ ಹಿಡಿದ ಏಳೆಂಟು ಹೆಂಗಸರು ಕಟ್ಟೆಯ ಮೆಟ್ಟಿಲಲ್ಲಿ ನೆರೆದರು. ಅವರಲ್ಲೊಬ್ಬಳು ನನ್ನ ಮುಖ ನೋಡಿ ಏನಾಯಿತೆಂದು ಕೇಳಲು ಬಾಯಿ ತೆರೆದಳು. ಆಯಿ ನನ್ನ ಕಡೆ ನೋಡದೆ, ಬಸುರಿಯನ್ನು ಕೆಳಗಿಟ್ಟು ಗೌಡತಿಯನ್ನು ಎತ್ತಿಕೊಳ್ಳುತ್ತಾ, ಎಲ್ಲರಿಗೂ ಕೇಳುವಂತೆ ನಗುನಗುತ್ತಾ ಅಂದಳು:

"ಹಾದಿ ಬಿಡ್ರಿ ಯವ್ವಾ, ಅಕ್ಕೋರ ಹೊಂಟಾರ."